ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ನಾಯಕತ್ವ ತರಬೇತಿ: ಬೀದರ್ ಸೀಮೆ

ಕಮಠಾಣ, ಭಾಲ್ಕಿ, ಔರಾದ್ ಕಡೆಯ ಮಕ್ಕಳ ಪದವಿ ಓದಿಗೆ ನಿಜಾಮರ ಕಾಲದಲ್ಲಿ ಹೈದರಾಬಾದಿನ ಉಸ್ಮಾನಿಯಾ, 1956ರ ಏಕೀಕರಣದ ಮೇಲೆ ಧಾರವಾಡ, 1980ರಿಂದ ಗುಲಬರ್ಗಾ ಆಸರೆಯಾದವು; ಈಗ ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲೇ ಬೀದರ್ ವಿಶ್ವವಿದ್ಯಾಲಯವಿದೆ. ಉಸ್ಮಾನಿಯಾದಲ್ಲಿ ನಾಯಕತ್ವದ ಪಾಠವೇನೂ ಇರಲಿಲ್ಲ. ಆದರೂ 1938ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ನಿಷೇಧ ಮೀರಿ ವಂದೇ ಮಾತರಂ ಹಾಡಿ ಹೊರಬಿದ್ದರು. ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ತಾವೇ ಕೈಗೊಂಡ ತೀರ್ಮಾನದ ಫಲವನ್ನು ತಾವೇ ಹೊರುವುದೇ ನಾಯಕತ್ವದ ಮೊದಲ ಅಭ್ಯಾಸ. ಮುಂದೆ ಬಂದ ಯೋಜನೆಗಳನ್ನು ಇದೇ ಒರೆಗೆ ಹಚ್ಚಿ ನೋಡಬೇಕು.

1948ರಲ್ಲಿ ಹುಟ್ಟಿದ ಎನ್‌ಸಿಸಿ, ಚೀನಾ ಯುದ್ಧದ ಬೆನ್ನಿಗೆ 1963ರಲ್ಲಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಅದು ಶಿಸ್ತು ಕಲಿಸಿತು. ಆದರೆ ಕವಾಯತಿನಲ್ಲಿ ಆಜ್ಞೆ ಮೇಲಿನಿಂದ ಬರುತ್ತದೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ದಾರಿ ಬೇರೆ. ಎರಡು ವರ್ಷಗಳಲ್ಲಿ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ. ಅಡುಗೆ, ಶ್ರಮದಾನ, ಸಂಜೆಯ ಕಾರ್ಯಕ್ರಮ ಎಲ್ಲವನ್ನೂ ತಂಡಗಳು ಹಂಚಿಕೊಳ್ಳಬೇಕು. ಹಳ್ಳಿಯ ಜನ ವಿದ್ಯಾರ್ಥಿಯ ಮಾತು ಕೇಳಲೇಬೇಕೆಂದಿಲ್ಲ, ಅವರ ಮನವೊಲಿಸಬೇಕು. ಈ ಸೀಮೆಯಲ್ಲಂತೂ ಒಂದು ಮನೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ, ಮತ್ತೊಂದರಲ್ಲಿ ಉರ್ದು ಆಡಬೇಕಾಗುತ್ತದೆ. ಬೀದರಿನ ನಂದಿನಗರದ ಪಶುವೈದ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಅಷ್ಟೆ: ದೇವಣಿ ದನ ಸಾಕಿದ ರೈತ ಒಪ್ಪದೆ ಅವನ ಔಷಧಿ ದನದ ಬಾಯಿಗೆ ಹೋಗದು. ಯಾವ ಭಾಷಣವೂ ಕಲಿಸಲಾರದ್ದನ್ನು ಈ ಒಪ್ಪಿಸುವ ಕೆಲಸ ಕಲಿಸುತ್ತದೆ.

ಶಿಬಿರವೆಂದರೆ ಕಸ ಗುಡಿಸಿ ಫೋಟೋ ತೆಗೆಸಿಕೊಳ್ಳುವುದಷ್ಟೇ ಎಂಬ ಆಕ್ಷೇಪಣೆ ಇದೆ. ಒಂದೇ ವಾರದಲ್ಲಿ ಮುಗಿದರೆ ಅದು ನಿಜವೇ. ಅದಕ್ಕೆಂದೇ ದತ್ತು ಗ್ರಾಮದ ನಿಯಮವಿರುವುದು, ಹೋದ ಹಳ್ಳಿಗೆ ಮತ್ತೆ ಮತ್ತೆ ಹೋಗಬೇಕು. ಇದಕ್ಕಿಂತ ದೊಡ್ಡ ಕೊರತೆ ಉತ್ತರದಾಯಿತ್ವದ್ದು: ಮುಖಂಡ ತನ್ನನ್ನು ಆರಿಸಿದವರಿಗೆ ಉತ್ತರ ಹೇಳಬೇಕಾದ ಸಂದರ್ಭವೇ ಇಲ್ಲ. 1980ರ ದಶಕದ ಕೊನೆಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಚುನಾವಣೆ ಜಾತಿ, ಪಕ್ಷಗಳ ಜಗಳ ತರುತ್ತದೆ ಎನ್ನುವವರ ಭಯ ಸುಳ್ಳಲ್ಲ. ಆದರೆ 2006ರ ಲಿಂಗ್ಡೋ ಸಮಿತಿ ಅದಕ್ಕೆ ಮದ್ದು ಸೂಚಿಸಿತ್ತು: ಅಭ್ಯರ್ಥಿಗೆ 5,000 ರೂಪಾಯಿ ವೆಚ್ಚದ ಮಿತಿ, ಶೇ. 75 ಹಾಜರಾತಿ. ಬೀದರ್ ವಿಶ್ವವಿದ್ಯಾಲಯ ಕನಿಷ್ಠ ಸೇವಾ ಯೋಜನೆಯ ತಂಡದ ಮುಖಂಡರನ್ನಾದರೂ ಸ್ವಯಂಸೇವಕರೇ ಆರಿಸಿಕೊಳ್ಳಲು ಬಿಡಲಿ.