ಹದಿಹರೆಯದ ಭಾವನಾತ್ಮಕ ಹಾಗೂ ವರ್ತನಾ ಸಮಸ್ಯೆಗಳು: ಬೀದರ್ ಸೀಮೆಯ ನೆಲೆಯಲ್ಲಿ

10ರಿಂದ 19ರ ಹರೆಯದವರಲ್ಲಿ ಕಾಣುವ ಖಿನ್ನತೆ, ಆತಂಕ, ಮುಂಗೋಪ, ಶಾಲೆ ತಪ್ಪಿಸುವಿಕೆ, ಹೊಡೆದಾಟ, ವ್ಯಸನ ಮೊದಲಾದವುಗಳನ್ನು ಒಟ್ಟಾಗಿ ಹದಿಹರೆಯದ ಭಾವನಾತ್ಮಕ ಹಾಗೂ ವರ್ತನಾ ಸಮಸ್ಯೆಗಳು ಎನ್ನುತ್ತಾರೆ. ಒಳಗೇ ಬೇಯುವಂಥವು ಭಾವನಾತ್ಮಕ, ಹೊರಗೆ ಸಿಡಿಯುವಂಥವು ವರ್ತನಾ ಸಮಸ್ಯೆಗಳು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಆಖೆನ್‌ಬಾಕ್ 1966ರಲ್ಲಿ ಮುಂದಿಟ್ಟ ಈ ವಿಂಗಡಣೆ ಈಗಲೂ ಬಳಕೆಯಲ್ಲಿದೆ.

ವಯಸ್ಸು ಏರಿದಂತೆ ಇವು ರೂಪ ಬದಲಿಸುತ್ತವೆ. ಚಿಕ್ಕಂದಿನ ಹೊಡೆಯುವ, ಕಚ್ಚುವ ಚಾಳಿ ಇಳಿಯುತ್ತದೆ. ಅದರ ಜಾಗಕ್ಕೆ ಸುಳ್ಳು, ಕದ್ದುಮುಚ್ಚಿ ಗುಟ್ಕಾ, ತರಗತಿಗೆ ಚಕ್ಕರ್ ಬರುತ್ತವೆ. ಅತಿಚಟುವಟಿಕೆಯ ಮಗುವಿನ ಓಡಾಟ ತಗ್ಗಿದರೂ ಗಮನ ನಿಲ್ಲದ ತೊಂದರೆ ಉಳಿಯುವುದುಂಟು. ಖಿನ್ನತೆ ಬಾಲ್ಯದಲ್ಲಿ ಗಂಡು ಹೆಣ್ಣಿನಲ್ಲಿ ಹೆಚ್ಚುಕಡಿಮೆ ಸಮ. ಹದಿಮೂರರ ಆಸುಪಾಸಿನಿಂದ ಹುಡುಗಿಯರಲ್ಲಿ ಏರತೊಡಗಿ ಸುಮಾರು ಇಮ್ಮಡಿಯಾಗುತ್ತದೆ. ಪುಂಡಾಟದಲ್ಲಿ ಎರಡು ಬಗೆ ಇವೆ ಎಂದು ಮನಶ್ಶಾಸ್ತ್ರಜ್ಞೆ ಟೆರ್ರಿ ಮಾಫಿಟ್ 1993ರಲ್ಲಿ ವಾದಿಸಿದರು: ಬಾಲ್ಯದಲ್ಲೇ ಬೇರುಬಿಟ್ಟು ಬದುಕಿಡೀ ಉಳಿಯುವುದು ಒಂದು, ಹರೆಯದಲ್ಲಿ ಬಂದು ಹರೆಯದೊಂದಿಗೆ ಹೋಗುವುದು ಇನ್ನೊಂದು. ಎರಡನೆಯದೇ ಹೆಚ್ಚು. ಮೇಷ್ಟ್ರ ಬೆತ್ತ ಮಾತ್ರ ಇವೆರಡನ್ನೂ ಒಂದೇ ಎಂದು ತಿಳಿದಿರುತ್ತದೆ.

ತಲೆಮಾರುಗಳ ನಡುವಿನ ಬದಲಾವಣೆಯನ್ನು ಅಳೆಯುವುದು ಕಷ್ಟ. ಅದಕ್ಕೆ ಒಂದೇ ಪ್ರಶ್ನಾವಳಿಯನ್ನು ದಶಕಗಳ ಅಂತರದಲ್ಲಿ ಕೇಳಬೇಕು. ಬ್ರಿಟನ್ನಿನಲ್ಲಿ 1974, 1986 ಮತ್ತು 1999ರ ಹದಿಹರೆಯದವರನ್ನು ಹೋಲಿಸಿದಾಗ ವರ್ತನಾ ಸಮಸ್ಯೆಗಳು ಮೂರೂ ಹಂತಗಳಲ್ಲಿ ಏರುತ್ತ ಬಂದಿದ್ದವು, ಭಾವನಾತ್ಮಕ ಸಮಸ್ಯೆಗಳು ಕೊನೆಯ ಅವಧಿಯಲ್ಲಿ ಹೆಚ್ಚಿದ್ದವು. ನಮ್ಮಲ್ಲಿರುವುದು ಬಿಡಿಬಿಡಿ ಸಮೀಕ್ಷೆಗಳು. ಬೆಂಗಳೂರಿನ ನಗರ ಮತ್ತು ಹಳ್ಳಿಗಳಲ್ಲಿ 16 ವರ್ಷದೊಳಗಿನವರ ಬಗ್ಗೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಶೇ. 12.5ರಷ್ಟು ಮಕ್ಕಳಲ್ಲಿ ಮಾನಸಿಕ ತೊಂದರೆ ಗುರುತಿಸಿತು. ನಿಮ್ಹಾನ್ಸ್ ಮುನ್ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13-17ರ ವಯಸ್ಸಿನವರಲ್ಲಿ ಶೇ. 7.3 ಎಂದಿತು; ಹಳ್ಳಿಗಳಲ್ಲಿ 6.9, ಮಹಾನಗರಗಳಲ್ಲಿ 13.5. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ವಿಧಾನಗಳು ಬೇರೆಯಾದ್ದರಿಂದ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸಮಸ್ಯೆ ಇಳಿಯಿತು ಎನ್ನಲಾಗದು.

ಬೀದರ್ ಜಿಲ್ಲೆಯೊಳಗೇ ಹರೆಯ ಒಂದೇ ತೆರನಾಗಿಲ್ಲ. ಬೀದರ್ ನಗರ ಈಗ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ತರಬೇತಿಯ ಊರು. 1989ರಲ್ಲಿ ಶುರುವಾದ ಶಾಹೀನ್ ಶಿಕ್ಷಣ ಸಂಸ್ಥೆಗಳ ಹೆಸರು ಕೇಳಿ ಹೊರರಾಜ್ಯಗಳಿಂದಲೂ ಮಕ್ಕಳು ಬಂದು ಹಾಸ್ಟೆಲ್ ಸೇರುತ್ತಾರೆ. ಇಂಥ ಕಡೆ ಮನೆಯ ನೆನಪು, ನಿದ್ದೆಗೇಡು, ರ‍್ಯಾಂಕಿನ ಭಯ ಮುಂದೆ ಬರುತ್ತವೆ. ವಿಕಾರಾಬಾದ್–ಪರಳಿ ರೈಲುದಾರಿಯ ಮೇಲಿರುವ ಭಾಲ್ಕಿಯಲ್ಲಿ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗಿ ಓದುವ ಮಕ್ಕಳು ಹೆಚ್ಚು. ಮಹಾರಾಷ್ಟ್ರ, ತೆಲಂಗಾಣಗಳಿಗೆ ತಾಗಿದ ಔರಾದ್‌ನಲ್ಲಿ ಮಳೆ ನಂಬಿದ ಬೇಸಾಯ. ದುಡಿಮೆಗೆಂದು ಹೈದರಾಬಾದ್, ಪುಣೆ ಕಡೆಗೆ ಹೋದ ತಂದೆತಾಯಿ, ಅಜ್ಜಿಯ ಹತ್ತಿರ ಉಳಿದ ಮಕ್ಕಳು ಅಲ್ಲಿ ಅಪರೂಪವಲ್ಲ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಆಡುವ ಹುಡುಗನ ಸಂಕಟ ಯಾವ ಭಾಷೆಯ ಪ್ರಶ್ನಾವಳಿಗೆ ಸಿಕ್ಕೀತು? ಕನ್ನಡ, ಉರ್ದು, ಮರಾಠಿ ಮೂರೂ ಮಾಧ್ಯಮಗಳಲ್ಲಿ ಒಂದೇ ಅಳತೆಗೋಲು ನಿಲ್ಲದೆ ಇಲ್ಲಿನ ಯಾವ ಹೋಲಿಕೆಯೂ ಪೂರ್ತಿಯಲ್ಲ.

ಸಿಟ್ಟಿನ ಹುಡುಗನ ಮೇಲಿನ ದೂರು ಮುಖ್ಯೋಪಾಧ್ಯಾಯರವರೆಗೆ ಹೋಗುತ್ತದೆ. ಊಟ ಬಿಟ್ಟು ಮೂಲೆ ಸೇರಿದ ಹುಡುಗಿಯನ್ನು ‘ಶಾಣ್ಯಾಕಿ, ಮಾತೇ ಆಡಂಗಿಲ್ಲ’ ಎಂದು ಹೊಗಳುವುದೇ ಹೆಚ್ಚು. ತೀರ ಬಿಗಡಾಯಿಸಿದರೆ ‘ಗಾಳಿ ಸೋಕಿದೆ’ ಎಂದು ಮೊದಲು ದರ್ಗಾಕ್ಕೋ ಗುಡಿಗೋ ಕರೆದೊಯ್ಯುತ್ತಾರೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಶಾಲೆಗಳಿಗೆ ಬೀಗ ಬಿದ್ದು, ಪಾಠದ ನೆಪದಲ್ಲಿ ಮೊಬೈಲ್ ಕೈಸೇರಿದ ಮೇಲೆ ಮೂಲೆ ಸೇರುವುದು ಇನ್ನೂ ಸಲೀಸಾಯಿತು.

ಚಿಕಿತ್ಸೆಯ ದಾರಿಗಳು ಹೀಗಿವೆ: ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬ್ರಿಮ್ಸ್) ಆಸ್ಪತ್ರೆ, 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ರಾಜ್ಯದಲ್ಲಿ ನಡೆಯುವ ಸ್ನೇಹಾ ಕ್ಲಿನಿಕ್‌ಗಳು, ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಯೋಜನೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಮನೆಯ ಒಂದೇ ಫೋನು ಅಪ್ಪನ ಇಲ್ಲವೇ ಅಣ್ಣನ ಜೇಬಿನಲ್ಲಿದ್ದರೆ, ಆ ಕರೆ ಮಾಡಲು ಹುಡುಗಿ ಅವರನ್ನೇ ಕೇಳಬೇಕು.