ನವಜಾತ ಶಿಶು: ದೇಹದ ಬೆಳವಣಿಗೆ, ಇಂದ್ರಿಯಗಳ ಅರಿವು

ಹುಟ್ಟಿದ ಕೂಸಿಗೆ ಕಣ್ಣು ಕಾಣದು, ಕಿವಿ ಕೇಳದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಇದು ನಿಜವಲ್ಲ. ಶಿಶುವಿನ ಇಂದ್ರಿಯಗಳು ಮೊದಲ ದಿನದಿಂದಲೇ ಕೆಲಸ ಮಾಡುತ್ತವೆ. ಅವುಗಳಲ್ಲಿ ಕೊರತೆಯೇನಾದರೂ ಇದ್ದರೆ ಮೊದಲ ತಿಂಗಳಲ್ಲಿಯೇ ಗುರುತಿಸುವುದು ಶುಶ್ರೂಷೆಯ ಮುಖ್ಯ ಹೊಣೆಗಳಲ್ಲಿ ಒಂದು.

ದೇಹದ ಲಕ್ಷಣಗಳು

ದಿನ ತುಂಬಿ ಹುಟ್ಟಿದ ಶಿಶುವಿನ ತೂಕ ಸಾಮಾನ್ಯವಾಗಿ 2.5ರಿಂದ 4 ಕಿ.ಗ್ರಾಂ., ಉದ್ದ ಸುಮಾರು 50 ಸೆಂ.ಮೀ., ತಲೆಯ ಸುತ್ತಳತೆ 33ರಿಂದ 35 ಸೆಂ.ಮೀ. ಇರುತ್ತದೆ. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಎರಡು ವಾರಗಳೊಳಗೆ ಅದು ಮರಳಿ ಬರಬೇಕು. ಇಳಿಕೆ ಶೇ 10ನ್ನು ಮೀರಿದರೆ ವೈದ್ಯರಿಗೆ ತೋರಿಸಬೇಕು. ಉಸಿರಾಟ ನಿಮಿಷಕ್ಕೆ 30ರಿಂದ 60 ಬಾರಿ. ನೆತ್ತಿಯ ಮೆತ್ತನೆಯ ಭಾಗ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಕೂಡಿಕೊಳ್ಳುತ್ತದೆ. ಅಲ್ಲಿ ಎಣ್ಣೆ ಒತ್ತಿ ತಿಕ್ಕುವ ಅಗತ್ಯವಿಲ್ಲ.

ಇಂದ್ರಿಯಗಳು

ಶಿಶುವಿಗೆ 20ರಿಂದ 30 ಸೆಂ.ಮೀ. ದೂರದ ವಸ್ತು ಚೆನ್ನಾಗಿ ಕಾಣುತ್ತದೆ. ಹಾಲೂಡಿಸುವಾಗ ತಾಯಿಯ ಮುಖವಿರುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಕೆಲವೇ ದಿನಗಳಲ್ಲಿ ತಾಯಿಯ ಹಾಲಿನ ವಾಸನೆಯನ್ನು ಅದು ಗುರುತಿಸುತ್ತದೆ. ಕೆನ್ನೆ ಸವರಿದರೆ ಆ ಕಡೆಗೆ ಬಾಯಿ ತಿರುಗಿಸುತ್ತದೆ. ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುತ್ತದೆ. ತಾಯಿಯ ದನಿಯನ್ನಂತೂ ಗರ್ಭದಲ್ಲಿಯೇ ಕೇಳಿರುತ್ತದೆ.

ಕಣ್ಣಿಗೆ ಕಾಣದ ಕೊರತೆ

ಕಿವಿ ಕೇಳದ ಶಿಶುವೂ ಉಳಿದ ಶಿಶುಗಳಂತೆಯೇ ಅಳುತ್ತದೆ. ತಟ್ಟೆ ಬಡಿದು ನೋಡುವ ಪದ್ಧತಿಯನ್ನು ನಂಬುವಂತಿಲ್ಲ. ಅದುರಿಕೆಗೂ ಮಗು ಬೆಚ್ಚಬಹುದು. ಮಾತು ಬಾರದಾಗ ಮಾತ್ರ ಮನೆಯವರಿಗೆ ಅನುಮಾನ ಮೂಡುತ್ತದೆ. ಅಷ್ಟರಲ್ಲಿ ಭಾಷೆ ಕಲಿಯುವ ಅಮೂಲ್ಯ ಕಾಲ ಕಳೆದಿರುತ್ತದೆ. ಆದ್ದರಿಂದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರ ನಿಯಮ. ಕಿವಿಗೆ ಪುಟ್ಟ ಸಾಧನವಿಟ್ಟು ಮಾಡುವ ಓಎಇ ಪರೀಕ್ಷೆ ಕೆಲವೇ ನಿಮಿಷಗಳದು, ನೋವಿಲ್ಲ. ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೆ ಕಿವುಡೆಂದು ಅರ್ಥವಲ್ಲ, ಮರುಪರೀಕ್ಷೆ ಬೇಕೆಂದು ಅರ್ಥ. ರಕ್ತಸಂಬಂಧದ ಮದುವೆ, ಕಡಿಮೆ ತೂಕ, ತೀವ್ರ ಕಾಮಾಲೆ ಇದ್ದಲ್ಲಿ ಇನ್ನಷ್ಟು ಎಚ್ಚರ ಅಗತ್ಯ.

1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ತಪಾಸಣೆಯನ್ನು ಹಳ್ಳಿಗಳ ಬಳಿಗೆ ಒಯ್ಯಲು ತೆರೆದ ಕೇಂದ್ರಗಳಲ್ಲಿ ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳೂ ಒಂದು. ಶೀಳನೆರೆ ಅದೇ ತಾಲ್ಲೂಕಿನ ಇನ್ನೊಂದು ಹೋಬಳಿ.

ಮನೆಯಲ್ಲಿ ಆರೈಕೆ

ನಗರದಲ್ಲಿರುವ ಹೆಣ್ಣುಮಕ್ಕಳು ಬಾಣಂತನಕ್ಕೆ ಶೀಳನೆರೆಯಂಥ ತವರೂರಿಗೆ ಹೋಗುವುದುಂಟು. ಹೆರಿಗೆ ಒಂದೂರು, ಆರೈಕೆ ಇನ್ನೊಂದೂರು ಆದಾಗ ತಪಾಸಣೆ ತಪ್ಪಿಹೋಗುವ ಸಂಭವ ಹೆಚ್ಚು. 2011ರಲ್ಲಿ ಆರಂಭವಾದ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಹಾಗೂ 42ನೇ ದಿನ ಭೇಟಿ ನೀಡಬೇಕು. ತವರಿಗೆ ಬಂದ ಕೂಡಲೇ ಆಕೆಗೆ ತಿಳಿಸುವುದು ಒಳ್ಳೆಯದು.

ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು. ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು, ಮುಖಕ್ಕೆ ಸಾಂಬ್ರಾಣಿ ಹೊಗೆ ಹಿಡಿಯುವುದು ಬೇಡ. ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು ಅಥವಾ ಬಿಸಿಯಾಗುವುದು, ಉಸಿರಾಟ 60ನ್ನು ಮೀರುವುದು, ಫಿಟ್ಸ್, ಮೊದಲ ದಿನವೇ ಕಾಮಾಲೆ ಅಥವಾ ಅಂಗೈ, ಅಂಗಾಲು ಹಳದಿಯಾಗುವುದು ಅಪಾಯದ ಸೂಚನೆಗಳು. ಇಂಥ ಸಂದರ್ಭದಲ್ಲಿ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು.

ನಾಮಕರಣಕ್ಕೆ ದಿನ ಗೊತ್ತುಮಾಡುವಾಗಲೇ ಶ್ರವಣ ತಪಾಸಣೆಗೂ ಒಂದು ದಿನ ಗೊತ್ತುಮಾಡಿಕೊಳ್ಳಿ. ಇಟ್ಟ ಹೆಸರು ಮಗುವಿಗೆ ಕೇಳಿಸಬೇಕು.