ಪಾಂಡವಪುರದ ವಿಭೂತಿ, ಟೊರಾಂಟೊದ ಜಾದೂಗಾರ

1976ರಲ್ಲಿ ಪಾಂಡವಪುರದ ಏಳು ವರ್ಷದ ಒಬ್ಬ ಹುಡುಗನ ಮೈಯಿಂದ ವಿಭೂತಿ ಉದುರುತ್ತದೆ ಎಂಬ ಸುದ್ದಿ ಹಬ್ಬಿತ್ತು. ಮನೆಯಲ್ಲಿ ಭಜನೆ ನಡೆಯುತ್ತಿತ್ತು, ಭಕ್ತರು ಬರುತ್ತಿದ್ದರು, ಹುಡುಗ ವಿಭೂತಿ ಕೊಡುತ್ತಿದ್ದ. ನಾವು ಇದನ್ನು ಬರೆಯುತ್ತಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ ಕೂತು. ಇಲ್ಲಿಂದ ಶ್ರೀರಂಗಪಟ್ಟಣ ದಾಟಿ ಪಾಂಡವಪುರ ಮುಟ್ಟಲು ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಇಷ್ಟು ಹತ್ತಿರದಲ್ಲಿ ನಡೆದದ್ದಾದರೂ ನಮ್ಮ ವಯಸ್ಸಿನವರಲ್ಲಿ ಈ ಕಥೆ ಗೊತ್ತಿರುವವರು ಕಡಿಮೆ. ಈಗಲೂ ಫೋಟೋದಿಂದ ಬೂದಿ ಉದುರುವ, ನಿಂಬೆಹಣ್ಣಿನಿಂದ ರಕ್ತ ಸುರಿಯುವ ವಿಡಿಯೋಗಳು ಫೋನಿಗೆ ಬರುತ್ತಲೇ ಇರುತ್ತವೆ. ಹಾಗಾಗಿ ಈ ಹಳೆಯ ಕಥೆ ಹೇಳಬೇಕು ಅನಿಸಿತು.

ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು ಡಾ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಓದುವುದಕ್ಕೆಂದು ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದವರು. 1942ರ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದು, ಮತ್ತೆ ಓದಿ, ಅಮೆರಿಕದ ಒಹಾಯೊದಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ ಮಾಡಿದರು. ಕೊನೆಯವರೆಗೂ ಖಾದಿ, ಮದುವೆಯಿಲ್ಲ, ವಾಸ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. ಇಂಥವರು 1976ರಲ್ಲಿ ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ಮಾಡಿದರು. ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವುದು ಅದರ ಕೆಲಸ. ಕುಲಪತಿಯಾದವರು ಕಟ್ಟಡ ಕಟ್ಟಿಸಬೇಕು, ಘಟಿಕೋತ್ಸವ ಮಾಡಿಸಬೇಕು, ಇದೆಲ್ಲ ಯಾಕೆ ಎಂದು ಕೇಳಿದವರು ಬಹಳ.

ಎಚ್ಚೆನ್ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಮೂರು ಕಾಗದ ಬರೆದರು. ನೀವು ಮಾಡುವುದನ್ನು ಸಮಿತಿಯ ಎದುರು, ಸಮಿತಿಯ ನಿಯಮದಂತೆ ಮಾಡಿ ತೋರಿಸಿ ಎಂಬುದು ಅದರ ಸಾರ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಒಂದಕ್ಕೂ ಉತ್ತರ ಬರಲಿಲ್ಲ. ಆದರೆ ಪಾಂಡವಪುರಕ್ಕೆ ಸಮಿತಿಯವರು ಹೋಗಿಯೇ ಬಿಟ್ಟರು. ಹುಡುಗನನ್ನು ಹತ್ತಿರದಿಂದ ನೋಡಿದಾಗ ಸಿಕ್ಕಿದ್ದು ಬಟ್ಟೆಯ ಒಳಗೆ ಬಚ್ಚಿಟ್ಟಿದ್ದ ವಿಭೂತಿ.

ನಮಗೆ ಇಲ್ಲಿ ಹುಡುಗನ ಮೇಲೆ ಏನೂ ಇಲ್ಲ. ಏಳು ವರ್ಷದ ಮಗು ತಾನೇ ಇಂಥ ಏರ್ಪಾಡು ಮಾಡಿಕೊಳ್ಳುವುದಿಲ್ಲ. ಅದಕ್ಕೇ ಅವನ ಹೆಸರು ಇಲ್ಲಿ ಹಾಕಿಲ್ಲ. ಆದರೆ ಆ ಕಾಲದ ಸುದ್ದಿಗಳಲ್ಲಿ ಹುಡುಗ ಸಿಕ್ಕಿಬಿದ್ದ ಎಂದೇ ಬಂದದ್ದು. ಸಿಕ್ಕಿಬೀಳಬೇಕಾಗಿದ್ದವರು ದೊಡ್ಡವರು.

ವಿಭೂತಿಯ ವಿಷಯ ಬಹಳ ಸರಳ. ಬೂದಿಯನ್ನು ಗಂಜಿ ನೀರಿನಲ್ಲಿ ಕಲಸಿ ಸಣ್ಣ ಉಂಡೆ ಮಾಡಿ ಒಣಗಿಸುತ್ತಾರೆ. ಅದನ್ನು ಹೆಬ್ಬೆರಳ ಬುಡದಲ್ಲೋ ಬೆರಳ ಸಂದಿನಲ್ಲೋ ಹಿಡಿದರೆ ಅಂಗೈ ಖಾಲಿಯಾಗಿಯೇ ಕಾಣುತ್ತದೆ. ಕೈಯನ್ನು ಗಾಳಿಯಲ್ಲಿ ತಿರುಗಿಸುತ್ತಾ ಉಂಡೆ ಪುಡಿ ಮಾಡಿದರೆ ಹಿಡಿ ತುಂಬ ವಿಭೂತಿ. ತೆಂಗಿನಕಾಯಿ ನೀರು ಚಿಮುಕಿಸಿದ ಕೂಡಲೇ ಹೊತ್ತಿಕೊಳ್ಳುತ್ತದಲ್ಲ, ಅದರ ಜುಟ್ಟಿನಲ್ಲಿ ಸೋಡಿಯಂ ಎಂಬ ಲೋಹದ ಚೂರು ಇರುತ್ತದೆ. ನೀರು ತಾಗಿದರೆ ಅದು ಉರಿಯುತ್ತದೆ. ಬೆಂಕಿಕಡ್ಡಿ ಇಲ್ಲದೆ ಹೋಮಕುಂಡ ಹೊತ್ತಿಸುವವರು ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿಯ ಮೇಲೆ ಗ್ಲಿಸರಿನ್ ಬಿಡುತ್ತಾರೆ. ನೋಡುವವರ ಕಣ್ಣಿಗೆ ಅದು ತುಪ್ಪ. ಇನ್ನು ಬಣ್ಣ ಬದಲಾಗುವ ಪವಾಡ ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಪ್ರತಿ ಮದುವೆಯಲ್ಲೂ ಮಾಡುತ್ತೇವೆ. ಅದನ್ನೇ ಯಾರೋ ಒಬ್ಬ ಕಣ್ಣು ಮುಚ್ಚಿ ಗುನುಗುತ್ತಾ ಮಾಡಿದರೆ ಐನೂರು ರೂಪಾಯಿ ಎತ್ತಿ ಕೊಡುತ್ತೇವೆ.

ಇಷ್ಟು ಸರಳವಾದದ್ದು ಓದಿದವರಿಗೆ ಯಾಕೆ ಗೊತ್ತಾಗುವುದಿಲ್ಲ? ಇದಕ್ಕೆ ಉತ್ತರ ಕೊಟ್ಟವನು ಕೆನಡಾದ ಒಬ್ಬ ಜಾದೂಗಾರ, ಜೇಮ್ಸ್ ರಾಂಡಿ. 1928ರಲ್ಲಿ ಟೊರಾಂಟೊದಲ್ಲಿ ಹುಟ್ಟಿದವನು. ಸಂಕೋಲೆ, ಬೀಗ ಬಿಡಿಸಿಕೊಳ್ಳುವ ಆಟಗಳಿಂದ ಹೆಸರಾದವನು. 1974ರ ಚಳಿಗಾಲದಲ್ಲಿ ನಯಾಗರ ಜಲಪಾತದ ಮೇಲೆ ತಲೆಕೆಳಗಾಗಿ ತೂಗಾಡುತ್ತಾ, ಮೈಗೆ ಬಿಗಿದ ಅಂಗಿಯಿಂದ ಬಿಡಿಸಿಕೊಂಡು ತೋರಿಸಿದ್ದ. ಆಮೇಲೆ ತನ್ನ ವಿದ್ಯೆಯನ್ನೇ ಹಿಡಿದುಕೊಂಡು, ದೈವಶಕ್ತಿ ಮನಶ್ಶಕ್ತಿ ಎಂದು ಹೇಳಿಕೊಳ್ಳುವವರ ಬೆನ್ನು ಹತ್ತಿದ.

ರಾಂಡಿ ಹೇಳುತ್ತಿದ್ದ ಮಾತಿನ ತಿರುಳು ಇಷ್ಟು: ವಿಜ್ಞಾನಿ ಪ್ರಕೃತಿಯನ್ನು ಪರೀಕ್ಷೆ ಮಾಡಿ ಅಭ್ಯಾಸವಾದವನು, ಪ್ರಕೃತಿ ಬೇಕೆಂದೇ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ, ಆದ್ದರಿಂದ ಪವಾಡ ಪರೀಕ್ಷಿಸುವಾಗ ಪಕ್ಕದಲ್ಲಿ ಒಬ್ಬ ಜಾದೂಗಾರ ಇರಬೇಕು. ಬರಿ ಬಾಯಿಮಾತಲ್ಲ, ಮಾಡಿಯೂ ತೋರಿಸಿದ. 1979ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಕ್ತಿ ಪರೀಕ್ಷೆಗೆಂದೇ ಒಂದು ಪ್ರಯೋಗಾಲಯ ಶುರುವಾಯಿತು. ಅದಕ್ಕೆ ಒಬ್ಬ ಶ್ರೀಮಂತ ಕೊಟ್ಟದ್ದು ಐದು ಲಕ್ಷ ಡಾಲರ್. ರಾಂಡಿ ಅಲ್ಲಿಗೆ ಇಬ್ಬರು ಹುಡುಗ ಜಾದೂಗಾರರನ್ನು ಕಳಿಸಿದ. ಅವರು ಚಮಚ ಬಗ್ಗಿಸಿದರು, ಫ್ಯೂಸ್ ಹಾರಿಸಿದರು. ಯಾರಾದರೂ ನೇರವಾಗಿ ‘ಇದು ಮೋಸವೇ’ ಎಂದು ಕೇಳಿದರೆ ನಿಜ ಹೇಳಿಬಿಡಬೇಕು ಎಂದು ರಾಂಡಿ ಮೊದಲೇ ಹೇಳಿದ್ದ. ವಿಜ್ಞಾನಿಗಳು ಕೇಳಲೇ ಇಲ್ಲ! ಬಂದು ಸಹಾಯ ಮಾಡುತ್ತೇನೆ ಎಂದು ಅವನು ಬರೆದ ಕಾಗದವನ್ನೂ ಅವರು ಬದಿಗಿಟ್ಟರು. 1983ರಲ್ಲಿ ರಾಂಡಿ ಎಲ್ಲವನ್ನೂ ಬಯಲು ಮಾಡಿದ.

ಪಾಂಡವಪುರಕ್ಕೂ ಟೊರಾಂಟೊಗೂ ಏನು ನಂಟು ಅಂದರೆ, ವರ್ಷ ಒಂದೇ. ಎಚ್ಚೆನ್ ಸಮಿತಿ ಮಾಡಿದ 1976ರಲ್ಲೇ ಅಮೆರಿಕದಲ್ಲಿ, ಕೆನಡಾ ಗಡಿಗೆ ಹತ್ತಿರದ ಬಫಲೊ ಊರಿನ ಕಡೆ, ಇಂಥದ್ದೇ ಕೆಲಸಕ್ಕೆ ವಿಜ್ಞಾನಿಗಳ, ಲೇಖಕರ ಒಂದು ಸಂಘ ಹುಟ್ಟಿತು. ಚಿಕ್ಕದಾಗಿ ಸಿಸಿಕಾಪ್ ಎನ್ನುತ್ತಿದ್ದರು. ಹುಟ್ಟುಹಾಕಿದವರಲ್ಲಿ ರಾಂಡಿ ಒಬ್ಬ. ಮುಂದೆ ಆ ಸಂಘದ ಫೆಲೊಗಳ ಪಟ್ಟಿಯಲ್ಲಿ ನಮ್ಮ ಹೊಸೂರಿನ ನರಸಿಂಹಯ್ಯನವರ ಹೆಸರೂ ಬಂತು. ಇನ್ನೊಂದು ವಿಷಯ. ಪವಾಡ ಮಾಡಿ ತೋರಿಸಿದವರಿಗೆ ಬಹುಮಾನ ಎಂದು ರಾಂಡಿ 1964ರಲ್ಲಿ ತನ್ನ ಜೇಬಿನಿಂದ ಸಾವಿರ ಡಾಲರ್ ಇಟ್ಟದ್ದು ಲೋಕಕ್ಕೆಲ್ಲ ಗೊತ್ತು. ಮುಂದೆ ಅದು ಹತ್ತು ಲಕ್ಷ ಡಾಲರ್ ಆಯಿತು. ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1963ರಲ್ಲಿ, ಕೇರಳದ ತಿರುವಲ್ಲದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ಅಬ್ರಹಾಂ ಕೋವೂರ್ ಒಂದು ಲಕ್ಷ ರೂಪಾಯಿ ಸವಾಲು ಹಾಕಿದ್ದರು. ಈ ವಿಷಯದಲ್ಲಿ ನಮ್ಮ ಕಡೆಯವರು ಹಿಂದೆ ಬಿದ್ದವರಲ್ಲ.

ಕೆನಡಾದ್ದೇ ಇನ್ನೊಬ್ಬ ಜಾದೂಗಾರನ ಕಥೆ ತಿರುವುಮುರುವು. ಡಗ್ ಹೆನ್ನಿಂಗ್, 1947ರಲ್ಲಿ ವಿನ್ನಿಪೆಗ್‌ನಲ್ಲಿ ಹುಟ್ಟಿದವನು. ಈ ವಿನ್ನಿಪೆಗ್ ಜಾದೂಗಾರರಿಗೆ ಬೇಕಾದ ಊರು. ಇವತ್ತು ಲೋಕದ ಎಲ್ಲೆಡೆ ಶಾಖೆ ಇರುವ ಅಂತರರಾಷ್ಟ್ರೀಯ ಜಾದೂಗಾರರ ಬಳಗವನ್ನು ಅಲ್ಲಿಯವನೊಬ್ಬ 1922ರಲ್ಲಿ ದೂರದ ಗೆಳೆಯರಿಗೆ ಕಾಗದ ಬರೆದು ಬರೆದೇ ಕಟ್ಟಿದ. ಹೆನ್ನಿಂಗ್ 1974ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ‘ದಿ ಮ್ಯಾಜಿಕ್ ಶೋ’ ಶುರು ಮಾಡಿದ. ನಾಲ್ಕು ವರ್ಷಕ್ಕೂ ಹೆಚ್ಚು ಓಡಿತು. ಕೋಟು ಟೋಪಿ ಬಿಟ್ಟು, ಉದ್ದ ಕೂದಲು, ಬಣ್ಣದ ಅಂಗಿಯಲ್ಲಿ ಬಂದು ಜಾದೂವಿನ ವೇಷವನ್ನೇ ಬದಲಾಯಿಸಿದ. ಹೆಸರು ಉತ್ತುಂಗದಲ್ಲಿರುವಾಗಲೇ ನಮ್ಮ ಮಹರ್ಷಿ ಮಹೇಶ್ ಯೋಗಿಯವರ ಶಿಷ್ಯನಾದ. ಧ್ಯಾನದಿಂದ ಮನುಷ್ಯ ನಿಜವಾಗಿಯೂ ಗಾಳಿಯಲ್ಲಿ ಹಾರಬಲ್ಲ ಎಂದು ನಂಬಿದ. ಆಟ ಬಿಟ್ಟ, ಸಾಮಾನು ಮಾರಿದ, ನಯಾಗರದಲ್ಲಿ ವೇದದ ಹೆಸರಿನ ದೊಡ್ಡ ಪಾರ್ಕು ಕಟ್ಟುತ್ತೇನೆಂದು ಓಡಾಡಿದ. 1992ರಲ್ಲಿ ಇಂಗ್ಲೆಂಡಿನಲ್ಲಿ ಮಹರ್ಷಿಗಳ ಪಕ್ಷದಿಂದ ಚುನಾವಣೆಗೂ ನಿಂತು ಸೋತ. ಪಾರ್ಕು ಏಳಲೇ ಇಲ್ಲ. 2000ದಲ್ಲಿ ತೀರಿಕೊಂಡ.

ಸಾವಿರಾರು ಜನರ ಎದುರು ಹುಡುಗಿಯನ್ನು ಗಾಳಿಯಲ್ಲಿ ತೇಲಿಸಿದವನಿಗೆ ಅದು ಹೇಗೆ ಎಂದು ಗೊತ್ತಿತ್ತು. ಆದರೂ ಎಲ್ಲೋ ನಿಜವಾದ ಹಾರಾಟ ಇದ್ದೇ ಇದೆ ಎಂದುಕೊಂಡ. ನಮಗೆ ಅವನ ಮೇಲೆ ನಗು ಬರುವುದಿಲ್ಲ, ಕನಿಕರ ಬರುತ್ತದೆ. ಯಾಕೆಂದರೆ ಆ ತೇಲುವ ಆಟ ಹುಟ್ಟಿದ ಜಾಗದಲ್ಲಿ ನಮ್ಮ ದಕ್ಷಿಣ ಭಾರತವೂ ಒಂದು. 1830ರ ಸುಮಾರಿಗೆ ಮದರಾಸಿನಲ್ಲಿ ಶೇಷಾಲ್ ಎಂದು ಬಿಳಿಯರು ಬರೆದುಕೊಂಡಿರುವ ಒಬ್ಬ ಬ್ರಾಹ್ಮಣ ಒಂದು ದಂಡದ ಮೇಲೆ ಕೈಯಿಟ್ಟು ಗಾಳಿಯಲ್ಲಿ ಪದ್ಮಾಸನ ಹಾಕಿ ಕೂರುತ್ತಿದ್ದ. ಅಂಗಿಯ ತೋಳಿನೊಳಗೆ ಕಬ್ಬಿಣದ ಸಲಾಕೆ ಇರುತ್ತದೆ ಎಂಬುದೇ ಅದರ ವಿವರಣೆ. ಬೆಂಗಳೂರಿನ ಮಾಲ್‌ಗಳ ಮುಂದೆ ಇವತ್ತೂ ಇದನ್ನೇ ಮಾಡುತ್ತಾರೆ, ನೀವೂ ನೋಡಿರಬಹುದು.

ಹಗ್ಗದ ಆಟವೂ ಹಾಗೇ. ಆಕಾಶಕ್ಕೆ ಹಗ್ಗ ಎಸೆದು ಹುಡುಗ ಹತ್ತಿ ಮಾಯವಾಗುವ ‘ಇಂಡಿಯನ್ ರೋಪ್ ಟ್ರಿಕ್’ ಸುದ್ದಿಯನ್ನು 1890ರಲ್ಲಿ ಶಿಕಾಗೊದ ಒಂದು ಪತ್ರಿಕೆ ಕಟ್ಟಿ ಬರೆಯಿತು. ಕಟ್ಟುಕಥೆ ಎಂದು ಅದೇ ಪತ್ರಿಕೆ ಒಪ್ಪಿಕೊಂಡರೂ ಜನ ಬಿಡಲಿಲ್ಲ. 1934ರಲ್ಲಿ ಲಂಡನ್ನಿನ ಜಾದೂಗಾರರು ಬಯಲಲ್ಲಿ ಮಾಡಿ ತೋರಿಸಿದವರಿಗೆ ಬಹುಮಾನ ಇಟ್ಟರು, ಯಾರೂ ಗೆಲ್ಲಲಿಲ್ಲ. ಆದರೆ ಶೃಂಗೇರಿ ಮಠ ಕಟ್ಟಿದರೆಂದು ನಾವು ಹೇಳುವ ಶಂಕರಾಚಾರ್ಯರು ಮಾಂಡೂಕ್ಯದ ಭಾಷ್ಯದಲ್ಲಿ ಇಂಥದ್ದೇ ಉದಾಹರಣೆ ಕೊಟ್ಟಿದ್ದಾರೆ. ಮಾಯಾವಿ ಆಕಾಶಕ್ಕೆ ದಾರ ಎಸೆದು, ಆಯುಧ ಹಿಡಿದು ಹತ್ತಿ, ತುಂಡುತುಂಡಾಗಿ ಬಿದ್ದು ಮತ್ತೆ ಎದ್ದು ನಿಂತಂತೆ ಕಾಣುತ್ತಾನೆ. ನಿಜವಾದ ಮಾಯಾವಿ ನೆಲದ ಮೇಲೇ ನಿಂತಿದ್ದಾನೆ ಎಂದು. ಲೋಕವೇ ಮಾಯೆ ಎಂದು ತಿಳಿಸಿಹೇಳಲು ಸಂತೆಯ ಜಾದೂಗಾರ ಬೇಕಾದ. ಅಂದರೆ ಅಷ್ಟು ಹಿಂದೆಯೂ ಓದುವವರಿಗೆ ಗೊತ್ತಿತ್ತು, ಇದು ಆಟ.

ಆಟ ಎಂದು ಒಪ್ಪಿಕೊಂಡು ಆಡುವವರು ನಮ್ಮ ಹಳ್ಳಿಗಳಲ್ಲೇ ಇದ್ದರು, ಇದ್ದಾರೆ. ಕನ್ನಡದಲ್ಲಿ ಇದಕ್ಕೆ ಎಷ್ಟು ಹೆಸರು ನೋಡಿ: ಗಾರುಡಿ, ಯಕ್ಷಿಣಿ, ಇಂದ್ರಜಾಲ, ಮೋಡಿ, ಕಣ್ಕಟ್ಟು, ಕೈಚಳಕ. ಎಲ್ಲಕ್ಕಿಂತ ಪ್ರಾಮಾಣಿಕ ಪದ ಕೈಚಳಕ. ಕೈಯ ಚುರುಕು, ಅಷ್ಟೇ. ಸುಡುಗಾಡು ಸಿದ್ಧರು ತಮ್ಮ ವಿದ್ಯೆಗೆ ಇಟ್ಟುಕೊಂಡಿರುವ ಹೆಸರೇ ಅದು. ಊರೂರು ಅಲೆಯುವ ಈ ಸಮುದಾಯ ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಜಾನಪದ ಉತ್ಸವಗಳಲ್ಲಿ ‘ಸುಡುಗಾಡು ಸಿದ್ಧರ ಕೈಚಳಕ’ ಎಂದು ಕರೆಸುವುದುಂಟು.

ನಮ್ಮ ಅಭಿಪ್ರಾಯ ಹೇಳುವುದಾದರೆ, ರಂಗಮಂದಿರದ ಜಾದೂಗಿಂತ ಇವರ ಆಟ ಕಷ್ಟ. ಕಲ್ಕತ್ತಾದ ಪಿ.ಸಿ. ಸೊರ್ಕಾರ್ 1956ರಲ್ಲಿ ಬಿಬಿಸಿ ಟಿವಿಯಲ್ಲಿ ಹುಡುಗಿಯನ್ನು ಗರಗಸದಿಂದ ಕೊಯ್ದು ತೋರಿಸಿದಾಗ, ನಿಜಕ್ಕೂ ಸತ್ತಳೆಂದು ನೋಡಿದವರು ಗಾಬರಿಯಾಗಿ ಫೋನ್ ಮೇಲೆ ಫೋನ್ ಮಾಡಿದ್ದರು. ದೊಡ್ಡ ಕಲಾವಿದ, ಮಾತೇ ಇಲ್ಲ. ಆದರೆ ಅವರ ಹಿಂದೆ ಪರದೆ ಇತ್ತು, ಮೇಲೆ ದೀಪ ಇತ್ತು, ನೋಡುವವರು ಒಂದೇ ಕಡೆ ಇದ್ದರು. ಅರಳಿಕಟ್ಟೆ ಮುಂದೆ ಆಡುವವನ ಸುತ್ತ ನಾಲ್ಕೂ ಕಡೆ ಜನ, ಬೆನ್ನ ಹಿಂದೆ ತುಂಟ ಹುಡುಗರು, ನೆತ್ತಿಯ ಮೇಲೆ ಬಿಸಿಲು. ಮೂರು ಬಟ್ಟಲು, ನಾಲ್ಕು ಬಟ್ಟೆಯ ಉಂಡೆ, ಒಂದು ಜೋಳಿಗೆ. ನೀವು ಬಟ್ಟಲು ನೋಡುವ ಹೊತ್ತಿಗೆ ಅವನು ಮಾತಾಡಿಸುತ್ತಾನೆ, ನೀವು ಮುಖ ನೋಡುತ್ತೀರಿ, ಅಷ್ಟು ಸಾಕು. ಇದರ ಗುಟ್ಟನ್ನು ಮಾತ್ರ ನಾವು ಬರೆಯುವುದಿಲ್ಲ. ವಿಭೂತಿಯ ಗುಟ್ಟು ಬರೆದೆವು, ಯಾಕೆಂದರೆ ಅಲ್ಲಿ ನಿಮ್ಮ ದುಡ್ಡು ಹೋಗುತ್ತದೆ. ಇಲ್ಲಿ ಗುಟ್ಟು ಹೇಳಿದರೆ ಅವರ ಅನ್ನ ಹೋಗುತ್ತದೆ.

ಎಚ್ಚೆನ್ ದಾರಿ ಅವರ ಜೊತೆ ಮುಗಿಯಲಿಲ್ಲ. ದೊಡ್ಡಬಳ್ಳಾಪುರದ ಹುಲಿಕಲ್ ನಟರಾಜ್ ಶಾಲೆ, ಊರುಗಳಲ್ಲಿ ಪವಾಡ ಬಯಲು ಕಾರ್ಯಕ್ರಮ ಮಾಡುತ್ತಾ ಬಂದಿದ್ದಾರೆ. ನಾಲಿಗೆ ಮೇಲೆ ಕರ್ಪೂರ ಉರಿಸಿದ ಮೇಲೆ ಅದೇ ಆಟವನ್ನು ಮಕ್ಕಳಿಗೆ ವಿವರಿಸುತ್ತಾರೆ. ಮಂಗಳೂರಿನ ಕುದ್ರೋಳಿ ಗಣೇಶ್ ಅವರಂಥವರು ಕರಾವಳಿಯಲ್ಲಿ ಜಾದೂವನ್ನು ಕಲೆಯಾಗಿಯೇ ರಂಗಕ್ಕೆ ತಂದಿದ್ದಾರೆ.

ಕಾನೂನಿನ ಲೆಕ್ಕ ಮಾತ್ರ ವಿಚಿತ್ರ. ತಾಯತ ಮಂತ್ರದಿಂದ ರೋಗ ವಾಸಿ ಎಂದು ಜಾಹೀರಾತು ಕೊಡುವುದು 1954ರ ಕೇಂದ್ರ ಕಾಯ್ದೆಯಿಂದಲೇ ಅಪರಾಧ. ವಾಮಾಚಾರ ತಡೆಯುವ ನಮ್ಮ ರಾಜ್ಯದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಧಿ ಆಸೆಗೆ ಮಾಡುವ ವಾಮಾಚಾರವೂ ಅದರಲ್ಲಿ ಸೇರಿದೆ. ಆದರೂ ಕಂಬ ಕಂಬಕ್ಕೆ ಅಂಟಿಸಿದ ವಶೀಕರಣದ ಚೀಟಿಗಳನ್ನು ನೀವು ದಿನಾ ನೋಡುತ್ತೀರಿ. ಬೀದಿಯ ಆಟಗಾರನ ಮೇಲೆ ಮಾತ್ರ ಕಾನೂನಿನ ಕೈ ಬೇಗ ಬೀಳುತ್ತದೆ. 1959ರ ಮುಂಬಯಿ ಭಿಕ್ಷಾಟನೆ ಕಾಯ್ದೆ ಹಾಡುವುದು, ಕುಣಿಯುವುದು, ಆಟ ತೋರಿಸಿ ದುಡ್ಡು ಕೇಳುವುದು ಎಲ್ಲವನ್ನೂ ಭಿಕ್ಷೆ ಎಂದಿತು. ದೆಹಲಿಯಲ್ಲೂ ಅದೇ ಜಾರಿಯಲ್ಲಿತ್ತು. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟು, ಭಿಕ್ಷೆಯನ್ನು ಅಪರಾಧ ಮಾಡುವ ಅದರ ಕಲಮುಗಳನ್ನು ಹೊಡೆದುಹಾಕಿತು. ನಮ್ಮ ರಾಜ್ಯದ್ದು 1975ರ ಬೇರೆ ಕಾಯ್ದೆ. ನಗರಗಳಲ್ಲಿ ಅಲೆಮಾರಿಗಳು ಪೊಲೀಸರನ್ನು ಕಂಡರೆ ಜೋಳಿಗೆ ಎತ್ತಿಕೊಂಡು ಓಡುವುದು ಸುಮ್ಮನೆ ಅಲ್ಲ.

ನಿಮ್ಮೂರಿಗೆ ಕೈಚಳಕದವರು ಕೊನೆಯ ಸಲ ಬಂದದ್ದು ಯಾವಾಗ? ಆಟದ ಮಧ್ಯೆ ಅವರು ಏನು ಮಾತಾಡುತ್ತಿದ್ದರು, ಯಾವ ವಾದ್ಯ ಬಾರಿಸುತ್ತಿದ್ದರು, ಕೊನೆಗೆ ಏನು ಪಡೆದು ಹೋಗುತ್ತಿದ್ದರು, ರಾಗಿಯೋ ಬಟ್ಟೆಯೋ ಕಾಸೋ? ಮನೆಯ ಹಿರಿಯರನ್ನು ಕೇಳಿ ನಮಗೆ ಧ್ವನಿ ಸಂದೇಶ ಕಳಿಸಿ. ಪಾಂಡವಪುರ, ಮಂಡ್ಯ ಕಡೆಯವರು 1976ರ ಆ ದಿನಗಳನ್ನು ಕಂಡವರಾಗಿದ್ದರೆ ಅದನ್ನೂ ಹೇಳಿ. ಆ ಹುಡುಗನ ಹೆಸರು ಬೇಡ.